ಕತ್ತಿ ಬೇಡ, ಬೆಳಕು ಸಾಕಾ?

ಕಳೆದ ಚೌತಿಗೆ ಊರಿಗೆ ಹೋದವನು, ಬೆಂಗಳೂರಿನ ರಾತ್ರಿ ಬಸ್ಸಿಂದ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದು ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದೆ. ಎದುರಿಗೆ ಒಂದು ಫ್ಲೆಕ್ಸ್. "ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಕಲೆಯಿಲ್ಲ. ಬೆಳಕಿನಿಂದ ಚರ್ಮದ ಸಕಲ ಸಮಸ್ಯೆಗೆ ಪರಿಹಾರ." ಕೆಳಗೆ ಹಾಲಿನಂಥ ಕೆನ್ನೆಯ ಹೆಂಗಸಿನ ಫೋಟೋ. ಅಂಥ ಕೆನ್ನೆಯವರು ಶಿರೂರಿನಿಂದ ಬಾರ್ಕೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಯಾರ ಫ್ಲೆಕ್ಸು ಅಂತ ಹೇಳೋದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಇಂಥದ್ದು ಈಗ ಎಲ್ಲ ಊರಲ್ಲೂ ಇದೆ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯ್ತು. ಯಾಕಂದ್ರೆ ಅದೇ ಮಾತನ್ನು ಎರಡು ವರ್ಷದ ಹಿಂದೆ ನಾನೇ ಹೇಳಿದ್ದೆ. ಫ್ಲೆಕ್ಸ್ ಹಾಕಿಸದೆ, ಪುಕ್ಕಟೆಯಾಗಿ, ನಮ್ಮ ದೊಡ್ಡಮ್ಮನಿಗೆ.

ದೊಡ್ಡಮ್ಮನ ಮನೆ ಬೈಂದೂರಿನ ಕಡೆ. ಅರವತ್ತು ದಾಟಿದರೂ ನೆಟ್ಟಿ ಸಮಯದಲ್ಲಿ ಗದ್ದೆಗಿಳಿಯುವ ಜೀವ. ಮೂಗಿನ ಹೊಳ್ಳೆಯ ಪಕ್ಕ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಗುಳ್ಳೆ ಎದ್ದಿತ್ತು. ಒಡೆಯೋದು, ಒಣಗೋದು, ಮತ್ತೆ ಒಡೆಯೋದು. ಊರಿನ ಡಾಕ್ಟರು ನೋಡಿ, "ಇದು ಸುಮ್ನೆ ಮಚ್ಚೆ ಅಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಿ" ಅಂದರಂತೆ. ದೊಡ್ಡಮ್ಮ ನನಗೆ ಫೋನ್ ಮಾಡಿದಳು. "ಕೊಯ್ಸ್ಕಂಬುಕೆ ನಂಗೆ ಹೆದ್ರಿಕಿ ಮಗಾ. ಬೇರೆ ಎಂತಾರೂ ಇತ್ತಾ ಕಾಣ್."

ಮಗ ಕಂಡ. ಇಂಜಿನಿಯರಿಂಗ್ ಓದಿದ ಮಗ ಅಲ್ವಾ, ಆಫೀಸಿನ ಮೀಟಿಂಗ್ ಮಧ್ಯೆಯೇ ಹತ್ತು ನಿಮಿಷ ಹುಡುಕಿದ. ಚರ್ಮದ ಕ್ಯಾನ್ಸರಿಗೆ ಮುಲಾಮು ಹಚ್ಚಿ ಕೆಂಪು ದೀಪ ಹಾಯಿಸಿದರೆ ಗಡ್ಡೆ ಮಾಯವಾಗುವ ಒಂದು ವಿಡಿಯೋ ಸಿಕ್ಕಿತು. ಅದನ್ನು ಕಳಿಸಿ, "ಕೊಯ್ಯೋದೇ ಬೇಡ ದೊಡ್ಡಮ್ಮ, ಈಗೆಲ್ಲ ಬೆಳಕಲ್ಲೇ ಗುಣ ಮಾಡ್ತಾರೆ. ಎಲ್ಲಿದೆ ಅಂತ ವಿಚಾರಿಸ್ತೇನೆ" ಅಂದೆ. ವಿಚಾರಿಸುವುದನ್ನು ಮರೆತೆ. ದೊಡ್ಡಮ್ಮ ಮರೆಯಲಿಲ್ಲ. ಒಂದು ಮಳೆಗಾಲ ಕಾದಳು, ಕೊಯ್ಲು ಮುಗಿಯುವವರೆಗೆ ಕಾದಳು, ಕೊಡಿ ಹಬ್ಬ ಮುಗಿಸಿಯೂ ಕಾದಳು. ನನ್ನ ಬೆಳಕು ಬರಲೇ ಇಲ್ಲ. ಕಡಲೆಕಾಳು ಹೋಗಿ ಎಂಟಾಣೆಯಷ್ಟು ಅಗಲದ ಹುಣ್ಣಾಯ್ತು. ಕೊನೆಗೆ ಕೊಯ್ಯಲೇಬೇಕಾದಾಗ ಹೊಳ್ಳೆಯ ಒಂದು ಭಾಗವೂ ಹೋಯ್ತು. ಕೆನ್ನೆಯ ಚರ್ಮ ಎಳೆದು ಮುಚ್ಚಿದರು. "ಮೊದಲೇ ಬಂದಿದ್ರೆ ನಾಲ್ಕು ಹೊಲಿಗೆಯಲ್ಲಿ ಮುಗೀತಿತ್ತು" ಅಂದರು ಡಾಕ್ಟರು. ದೊಡ್ಡಮ್ಮ ನನ್ನ ಮುಖ ನೋಡಿದಳು. "ಬೆಳಕಂಗೆ ಗುಣ ಆತ್ತ್ ಅಂತ ನೀನೇ ಹೇಳದ್ದ್ ಅಲ್ದಾ?" ಬೈಗುಳ ಅಲ್ಲ, ಬರೀ ಪ್ರಶ್ನೆ. ಅದಕ್ಕೇ ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಕೂತು ಓದಿದೆ. ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡೋದು ನಮ್ಮ ವೃತ್ತಿಯಲ್ಲೂ ಹೊಸದೇನಲ್ಲ. ಓದಿದ್ದನ್ನು ಇಲ್ಲಿ ಬರೀತಿದ್ದೇನೆ, ನಿಮ್ಮ ಮನೆಯ ದೊಡ್ಡಮ್ಮನಿಗೂ ಯಾರಾದರೊಬ್ಬ ಸಾಫ್ಟ್‌ವೇರ್ ಮಗ ಇದ್ದೇ ಇರ್ತಾನೆ ಅಂತ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೇನೆ. ಈ ಬೆಳಕಿನ ಚಿಕಿತ್ಸೆ ಬುರುಡೆ ಅಲ್ಲ. ಫೋಟೋಡೈನಾಮಿಕ್ ಥೆರಪಿ ಅಂತ ಹೆಸರು, ಪಿಡಿಟಿ ಅಂತಾರೆ. ಇದರ ಬೇರು 1900ರಲ್ಲಿದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನುವ ವಿದ್ಯಾರ್ಥಿ ಅಕ್ರಿಡಿನ್ ಎಂಬ ಬಣ್ಣದ ವಸ್ತುವನ್ನು ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗೆ ಹಾಕಿ, ಎಷ್ಟು ಹೊತ್ತಿಗೆ ಸಾಯುತ್ತೆ ಅಂತ ಅಳೀತಿದ್ದ. ಒಂದೇ ಪ್ರಯೋಗ, ಒಂದೊಂದು ದಿನ ಒಂದೊಂದು ಉತ್ತರ. ಗುಡುಗು ಮೋಡದ ದಿನ ಜೀವಿಗಳು ಹೆಚ್ಚು ಹೊತ್ತು ಬದುಕಿದ್ದವು. ಕೊಲ್ಲುತ್ತಿದ್ದದ್ದು ಬಣ್ಣವೂ ಅಲ್ಲ, ಬರೀ ಬೆಳಕೂ ಅಲ್ಲ, ಎರಡೂ ಸೇರಿದಾಗ ಮಾತ್ರ ಅಂತ ಗೊತ್ತಾಯ್ತು. ನಮ್ಮ ಆಸಾಡಿ ಮಳೆಯಲ್ಲಿ ಮಾಡಿದ್ದರೆ ಅವನ ಜೀವಿಗಳು ಸಾಯುತ್ತಲೇ ಇರಲಿಲ್ಲವೇನೋ! 1903ರಲ್ಲಿ ನೀಲ್ಸ್ ಫಿನ್ಸೆನ್‌ಗೆ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕೆ ನೊಬೆಲ್ ಬಂತು. 1970ರ ದಶಕದಲ್ಲಿ ಅಮೆರಿಕದ ಬಫಲೋದಲ್ಲಿ ಥಾಮಸ್ ಡೊಹರ್ಟಿ ಇದನ್ನು ಮನುಷ್ಯರ ಗಡ್ಡೆಗಳ ಮೇಲೆ ಗಂಭೀರವಾಗಿ ಪ್ರಯೋಗಿಸಿದರು.

ಇವತ್ತು ಚರ್ಮಕ್ಕೆ ಮಾಡುವ ಕ್ರಮ ಹೀಗೆ. ಗಾಯದ ಮೇಲಿನ ಹೊಪ್ಪಳೆ ಕೆರೆದು ಒಂದು ಮುಲಾಮು ಹಚ್ಚಿ ಸುಮಾರು ಮೂರು ಗಂಟೆ ಮುಚ್ಚಿಡ್ತಾರೆ. ಆ ಮುಲಾಮಿನಿಂದ ಜೀವಕೋಶದೊಳಗೆ ಪ್ರೋಟೋಪಾರ್ಫಿರಿನ್ ಅನ್ನುವ ವಸ್ತು ಹುಟ್ಟುತ್ತೆ. ನಮ್ಮ ರಕ್ತದ ಕೆಂಪು ತಯಾರಾಗುವ ದಾರಿಯಲ್ಲಿ ಬರುವ ವಸ್ತುವೇ ಅದು. ಕ್ಯಾನ್ಸರ್ ಕೋಶಗಳಲ್ಲಿ ಅದು ಹೆಚ್ಚು ಜಮೆಯಾಗುತ್ತೆ. ಆಮೇಲೆ 630 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಹತ್ತಿಪ್ಪತ್ತು ನಿಮಿಷದೊಳಗೆ ಮುಗಿಯುವಷ್ಟು ಹಾಯಿಸ್ತಾರೆ. ಬೆಳಕು ತಾಗಿದ ಆ ವಸ್ತು ಅಲ್ಲಿರುವ ಆಮ್ಲಜನಕವನ್ನೇ ವಿಷ ಮಾಡಿ ಕೋಶವನ್ನು ಕೊಲ್ಲುತ್ತೆ. ವಾರ ಬಿಟ್ಟು ಇನ್ನೊಂದು ಸಲ. ಕತ್ತರಿ ಇಲ್ಲ, ಹೊಲಿಗೆ ಇಲ್ಲ ಅನ್ನೋದು ನಿಜ. ಕಲೆ ಕಡಿಮೆ ಅನ್ನೋದೂ ನಿಜ. ಮೇಲ್ಮೈಯಲ್ಲೇ ತೆಳುವಾಗಿ ಹರಡಿದ ಬೇಸಲ್ ಸೆಲ್ ಕ್ಯಾನ್ಸರ್ ಇದ್ದವರಿಗೆ, ಒಂದೇ ಕಡೆ ಹತ್ತಾರು ಕಲೆ ಎದ್ದವರಿಗೆ, ಹೃದಯ ದುರ್ಬಲವಾಗಿ ಆಪರೇಷನ್ ತಡೆಯದ ವಯಸ್ಸಾದವರಿಗೆ ಇದು ವರ.

ಹಾಗಿದ್ರೆ ನಿನ್ನ ತಕರಾರು ಏನು ಮಾರಾಯ ಅಂತ ಕೇಳ್ತೀರಿ. ಒಂದೊಂದಾಗಿ ಹೇಳ್ತೇನೆ.

ಒಂದನೆಯದು ಆಳ. ಈ ಬೆಳಕು ಮತ್ತು ಮುಲಾಮಿನ ಜೋಡಿ ಕೆಲಸ ಮಾಡೋದು ಸುಮಾರು ಎರಡು ಮಿಲಿಮೀಟರ್ ಆಳದವರೆಗೆ. ನಮ್ಮ ಕುಚ್ಚಲಕ್ಕಿ ಕಾಳಿನ ದಪ್ಪ ಅಂದ್ಕೊಳ್ಳಿ. ಗಡ್ಡೆ ಅದಕ್ಕಿಂತ ಕೆಳಗೆ ಬೇರು ಬಿಟ್ಟಿದ್ದರೆ ಮೇಲಿನದ್ದು ಸಾಯುತ್ತೆ, ಕೆಳಗಿನದ್ದು ಉಳಿಯುತ್ತೆ. ಮೇಲೆ ಚಂದದ ಹೊಸ ಚರ್ಮ ಬರುತ್ತೆ, ಕೆಳಗೆ ಬೇರು ತನ್ನ ಪಾಡಿಗೆ ಹರಡುತ್ತೆ. ಗದ್ದೆಯ ಕಳೆಯ ತಲೆ ಸವರಿ, ಗದ್ದೆ ಹಸನಾಯ್ತು ಅಂದ ಹಾಗೆ. ಗಂಟಾಗಿ ಬೆಳೆದ ಬೇಸಲ್ ಸೆಲ್ ಕ್ಯಾನ್ಸರಿಗೆ ಪಿಡಿಟಿ ಮತ್ತು ಶಸ್ತ್ರಚಿಕಿತ್ಸೆಯನ್ನು ಹೋಲಿಸಿ ಯುರೋಪಿನಲ್ಲಿ ನಡೆದ ಅಧ್ಯಯನದ ಐದು ವರ್ಷದ ಲೆಕ್ಕ 2007ರಲ್ಲಿ ಬಂತು. ಕೊಯ್ದವರಲ್ಲಿ ರೋಗ ಮರುಕಳಿಸಿದ್ದು ಶೇಕಡಾ 4, ಬೆಳಕು ಹಾಯಿಸಿದವರಲ್ಲಿ ಶೇಕಡಾ 14. ನ್ಯಾಯವಾಗಿ ಇನ್ನೊಂದು ಅಂಕಿಯನ್ನೂ ಹೇಳಬೇಕು. ನೋಡಲು ಚಂದ ಉಳಿದದ್ದು ಬೆಳಕಿನವರಲ್ಲಿ ಶೇಕಡಾ 87, ಕೊಯ್ದವರಲ್ಲಿ ಶೇಕಡಾ 54. ಫ್ಲೆಕ್ಸಿನವರು ಎರಡನೇ ಅಂಕಿಯನ್ನು ಮಾತ್ರ ಬರೀತಾರೆ. ಮೊದಲನೆಯದನ್ನು ಐದು ವರ್ಷ ಬಿಟ್ಟು ರೋಗಿಯೇ ಓದಿಕೊಳ್ಳಬೇಕು.

ತೆಳು ಬಗೆಯದರಲ್ಲೂ ದೀಪವೇ ಮೇಲು ಅಂತ ಹೇಳುವಂತಿಲ್ಲ. ನೆದರ್ಲ್ಯಾಂಡ್ಸಿನಲ್ಲಿ 601 ರೋಗಿಗಳ ಮೇಲೆ ನಡೆದ ಅಧ್ಯಯನದ ಐದು ವರ್ಷದ ಫಲಿತಾಂಶ 2018ರಲ್ಲಿ ಪ್ರಕಟವಾಯ್ತು. ಐದು ವರ್ಷ ಗಡ್ಡೆ ಇಲ್ಲದೆ ಉಳಿದವರು ಪಿಡಿಟಿಯಲ್ಲಿ ಶೇಕಡಾ 62.7, ಫ್ಲೂರೋಯುರಾಸಿಲ್ ಮುಲಾಮಿನಲ್ಲಿ 70, ಇಮಿಕ್ವಿಮೋಡ್ ಮುಲಾಮಿನಲ್ಲಿ 80.5. ಅಂದ್ರೆ ಮನೆಯಲ್ಲೇ ಆರು ವಾರ, ವಾರಕ್ಕೆ ಐದು ದಿನ ಹಚ್ಚಿಕೊಂಡ ಸಾದಾ ಮುಲಾಮು ಮೆಷಿನ್ನನ್ನು ಸೋಲಿಸಿತು. ಡಾಕ್ಟರನ್ನು ಕೇಳದೆ ಇದನ್ನು ಹಚ್ಚಿಕೊಳ್ಳಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಆದರೆ ಮುಲಾಮಿಗೆ ಫ್ಲೆಕ್ಸ್ ಯಾಕಿಲ್ಲ? ಟ್ಯೂಬಿಗೆ ದೀಪದಷ್ಟು ಮೋಹಕ ಬೆಳಕಿಲ್ಲ, ಮೆಷಿನ್ನಿನ ಕಂತು ಕಟ್ಟುವ ಅವಸರ ಯಾರಿಗೂ ಇಲ್ಲ, ಅಷ್ಟೇ.

ಎರಡನೆಯದು ಬಣ್ಣ. ಇದನ್ನು ಹೇಳುವವರೇ ಕಡಿಮೆ. ಪಿಡಿಟಿಯ ದೊಡ್ಡ ಗಿರಾಕಿ ಪಶ್ಚಿಮದ ಬಿಳಿ ಚರ್ಮ. 1999ರ ಕೊನೆಗೆ ಅಮೆರಿಕದಲ್ಲಿ ಅದರ ಮುಲಾಮಿನ ದ್ರಾವಣಕ್ಕೆ ಒಪ್ಪಿಗೆ ಸಿಕ್ಕಿದ್ದು ಆಕ್ಟಿನಿಕ್ ಕೆರಟೋಸಿಸ್ ಅನ್ನುವ, ಬಿಸಿಲಿಗೆ ಬಿಳಿ ಚರ್ಮದಲ್ಲಿ ಏಳುವ ಒರಟು ಕಲೆಗೆ. ನಮ್ಮ ಕಂದು ಚರ್ಮದಲ್ಲಿ ಅದು ಅಪರೂಪ. ನಮ್ಮವರಲ್ಲಿ ಬೇಸಲ್ ಸೆಲ್ ಬಂದರೆ ಹೆಚ್ಚಾಗಿ ಕಪ್ಪಗೇ ಇರುತ್ತೆ, ದೊಡ್ಡಮ್ಮನದ್ದೂ ಹಾಗೇ ಇತ್ತು. ಮೆಲನಿನ್ ಅನ್ನುವ ಆ ಕಪ್ಪು ಬೆಳಕನ್ನು ತಾನೇ ಕುಡಿದುಬಿಡುತ್ತೆ, ಒಳಗೆ ಬಿಡೋದಿಲ್ಲ. ಹಾಗಾಗಿ ಕಪ್ಪು ಗಡ್ಡೆಗೆ ಪಿಡಿಟಿಯ ಫಲ ಕಡಿಮೆ. ಮೇಲಿಂದ ಸುತ್ತಲಿನ ಚರ್ಮ ಕಪ್ಪಾಗುವ ಅಥವಾ ಬಿಳಿಚುವ ಅಪಾಯವೂ ನಮ್ಮ ಮೈಬಣ್ಣಕ್ಕೇ ಜಾಸ್ತಿ. ನಾನು ಕಳಿಸಿದ ವಿಡಿಯೋದಲ್ಲಿದ್ದ ಅಜ್ಜಿ ಬಿಳಿಯವಳು, ಗಡ್ಡೆಯೂ ಗುಲಾಬಿ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಒಂದು ಸರ್ವರಿನಲ್ಲಿ ಓಡಿದ ಕೋಡು ಇನ್ನೊಂದರಲ್ಲಿ ಓಡಬೇಕಂತಿಲ್ಲ ಅಂತ ದಿನಾ ಹೇಳಿ ಸಂಬಳ ತಗೊಳ್ಳುವವನು ನಾನು!

ಮೂರನೆಯದು ಸಾಕ್ಷಿ. ಕೊಯ್ದು ತೆಗೆದ ತುಂಡು ಲ್ಯಾಬಿಗೆ ಹೋಗುತ್ತೆ. ಯಾವ ಬಗೆಯ ಕ್ಯಾನ್ಸರು, ಎಷ್ಟು ಆಳ, ಅಂಚಿನಲ್ಲಿ ಏನಾದರೂ ಉಳಿದಿದೆಯಾ, ಎಲ್ಲಕ್ಕೂ ಬರವಣಿಗೆಯಲ್ಲಿ ಉತ್ತರ ಬರುತ್ತೆ. ಬೆಳಕು ಹಾಯಿಸಿದರೆ ಕಳಿಸೋಕೆ ತುಂಡೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ದೋಷ ಎಲ್ಲಿತ್ತು ಅಂತ ನೋಡದೆ ಲಾಗ್ ಸಮೇತ ಅಳಿಸಿ, ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಅದಕ್ಕೇ ಪಿಡಿಟಿಗೆ ಮೊದಲು ಬಯಾಪ್ಸಿ ಮಾಡಿ ರೋಗದ ಬಗೆಯನ್ನು ಖಚಿತ ಮಾಡಿಕೊಳ್ಳಲೇಬೇಕು, ಆಮೇಲೂ ವರ್ಷಗಟ್ಟಲೆ ತಪಾಸಣೆಗೆ ಬರಲೇಬೇಕು. ಬಯಾಪ್ಸಿ ಇಲ್ಲದೆ ದೀಪ ಹಚ್ಚುವವರು, ಅವರು ಎಷ್ಟೇ ನಯವಾಗಿ ಮಾತಾಡಲಿ, ಕಣ್ಣು ಕಟ್ಟಿ ಗಾಡಿ ಓಡಿಸುವವರು. ಆ ಕಪ್ಪು ಕಲೆ ಮೆಲನೋಮಾ ಆಗಿದ್ದರೆ? ಮೆಲನೋಮಾಕ್ಕೆ ಪಿಡಿಟಿ ಮದ್ದಲ್ಲ. ಅಲ್ಲಿ ಕಳೆದುಹೋದ ಪ್ರತಿ ತಿಂಗಳಿಗೂ ಜೀವದ ಬೆಲೆ ಇದೆ.

ನಾಲ್ಕನೆಯದು ನೋವು ಮತ್ತು ಬಿಸಿಲು. "ನೋವೇ ಇಲ್ಲ" ಅನ್ನೋದು ಹಸಿ ಸುಳ್ಳು. ದೀಪ ಬಿದ್ದಾಗ ಹಸಿ ಗಾಯಕ್ಕೆ ಮೆಣಸಿನ ಪುಡಿ ಹಾಕಿದಂತೆ ಉರಿಯುತ್ತೆ. ಕೆಲವರಿಗೆ ಮಧ್ಯದಲ್ಲೇ ನಿಲ್ಲಿಸಬೇಕಾಗುತ್ತೆ, ಕೆಲವರಿಗೆ ಮರಗಟ್ಟಿಸುವ ಇಂಜೆಕ್ಷನ್ ಬೇಕಾಗುತ್ತೆ. ಆಮೇಲೆ ಸುಮಾರು ಎರಡು ದಿನ ಆ ಜಾಗಕ್ಕೆ ಬಿಸಿಲು ತಾಗಬಾರದು. ಸಾದಾ ಸನ್‌ಸ್ಕ್ರೀನ್ ಹಚ್ಚಿದರೂ ಸಾಲದು, ಅದು ತಡೆಯೋದು ಅತಿನೇರಳೆ ಕಿರಣವನ್ನು, ಕಣ್ಣಿಗೆ ಕಾಣುವ ಬೆಳಕನ್ನಲ್ಲ. ಮದ್ದನ್ನು ರಕ್ತಕ್ಕೇ ಕೊಡುವ ಬೇರೆ ಬಗೆಯ ಪಿಡಿಟಿಯಲ್ಲಿ ಈ ಎಚ್ಚರಿಕೆ ತಿಂಗಳಿಗೂ ಮೀರಿ ಬೇಕು. 1912ರಲ್ಲಿ ಫ್ರೆಡ್ರಿಕ್ ಮೇಯರ್-ಬೆಟ್ಜ್ ಎಂಬ ಜರ್ಮನ್ ವೈದ್ಯ ಇಂಥದೇ ವಸ್ತುವನ್ನು 200 ಮಿಲಿಗ್ರಾಂ ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಕೈ ಬಾತು ಗುರುತೇ ಸಿಗದಂತಾಯ್ತು. ಬಿಸಿಲಿನ ಆ ಕಾಟ ಎರಡು ತಿಂಗಳು ಬಿಡಲಿಲ್ಲ.

ಈಗ ಗಂಗೊಳ್ಳಿಯಲ್ಲಿ ಮೀನು ಮಾರುವ ಹೆಂಗಸರ ಬದುಕಿಗೆ ಈ ಎರಡು ದಿನವನ್ನು ಕೂಡಿಸಿ ನೋಡಿ. ಎರಡು ಸಲದ ಚಿಕಿತ್ಸೆ, ಎರಡು ಸಲದ ಪಯಣ, ನಾಲ್ಕು ದಿನದ ನೆರಳು, ಮತ್ತೆ ತಪಾಸಣೆ. ಎಸಿ ಆಫೀಸಿನವನಿಗೆ ಅದು ವರ್ಕ್ ಫ್ರಮ್ ಹೋಮ್. ಅವರಿಗೆ ಅದು ಉಪವಾಸ. "ಒಂದೇ ದಿನದಲ್ಲಿ ಮನೆಗೆ" ಅನ್ನುವ ಫ್ಲೆಕ್ಸು, ಮನೆಗೆ ಹೋದಮೇಲೆ ಬಾಗಿಲು ಹಾಕಿಕೊಂಡು ಕೂರಬೇಕು ಅನ್ನೋದನ್ನು ಹೇಳೋದಿಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪಾರ್ಟಿಯವರು ಚಪ್ಪಾಳೆ ತಟ್ತಾರೆ ಅಂತ ಗೊತ್ತು. "ಅದಕ್ಕೇ ಹೇಳೋದು, ಇಂಗ್ಲಿಷ್ ಮದ್ದು ಬೇಡ. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂತ್ರೆ ಸಾಕು, ನಮ್ಮ ಹಿರಿಯರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು." ಸ್ವಾಮೀ, ಹಿರಿಯರಿಗೆ ಗೊತ್ತಿದ್ದದ್ದು ತೊನ್ನಿಗೆ. ಅದು ದೊಡ್ಡ ತಿಳಿವಳಿಕೆಯೇ, ನನಗೂ ಹೆಮ್ಮೆ ಇದೆ. ಬಾವಂಚಿಯಲ್ಲಿ ಸೋರಾಲೆನ್ ಇದೆ. ಸೋರಾಲೆನ್ ಕೊಟ್ಟು ಅತಿನೇರಳೆ ಕಿರಣ ಹಾಯಿಸುವ ಪೂವಾ ಚಿಕಿತ್ಸೆ 1974ರಿಂದ ಸೋರಿಯಾಸಿಸ್‌ಗೆ ಜಗತ್ತಿನಾದ್ಯಂತ ಬಳಕೆಗೆ ಬಂತು. ಆದರೆ ಅದೇ ಪೂವಾವನ್ನು ನೂರಾರು ಸಲ ತಗೊಂಡ ಬಿಳಿಯರಲ್ಲಿ ಸ್ಕ್ವೇಮಸ್ ಸೆಲ್ ಚರ್ಮದ ಕ್ಯಾನ್ಸರ್ ಹೆಚ್ಚಾಯ್ತು ಅನ್ನೋದೂ ಅಷ್ಟೇ ದೊಡ್ಡ ತಿಳಿವಳಿಕೆ. ತೊನ್ನಿನ ಮದ್ದನ್ನು ಹುಣ್ಣಿಗೆ ಹಚ್ಚಿ ಬಿಸಿಲಿಗೆ ಕೂರಿಸುವವನೂ, ಬಯಾಪ್ಸಿ ಇಲ್ಲದೆ ದೀಪ ಹಚ್ಚುವವನೂ ನನ್ನ ಲೆಕ್ಕದಲ್ಲಿ ಒಂದೇ. ಇಬ್ಬರೂ ಮಾರುವುದು ಒಂದೇ ಸರಕು: ಕತ್ತಿಯ ಹೆದರಿಕೆ.

ನಿಜವಾದ ವಿಷಯ ಇರೋದೇ ಅಲ್ಲಿ. ನಮ್ಮ ದೇಶದ ಒಟ್ಟು ಕ್ಯಾನ್ಸರಿನಲ್ಲಿ ಚರ್ಮದ್ದು ಶೇಕಡಾ ಒಂದೆರಡರ ಆಸುಪಾಸು. ಕಡಿಮೆ ಅಂತಲೇ ಯಾರೂ ನೋಡೋದಿಲ್ಲ, ನೋಡೋದಿಲ್ಲ ಅಂತಲೇ ತಡವಾಗುತ್ತೆ. ನಮ್ಮವರಿಗೆ ಬರುವ ಜಾಗವೂ ಪಶ್ಚಿಮದವರಿಗಿಂತ ಬೇರೆ. ಮೆಲನೋಮಾ ನಮ್ಮಲ್ಲಿ ಹೆಚ್ಚಾಗಿ ಕಾಣೋದು ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ. ಬರಿಗಾಲಲ್ಲಿ ಗದ್ದೆ ಹೂಡುವ ಊರಿನಲ್ಲಿ ಅಂಗಾಲಿನ ಕಪ್ಪು ಕಲೆಯನ್ನು ಯಾರು ಲೆಕ್ಕಕ್ಕಿಡ್ತಾರೆ? "ಮುಳ್ಳ್ ಹೆಟ್ಟದ್ದ್ ಆಯ್ಕ್" ಅಂತ ಅರಿಶಿನ ಹಚ್ಚಿ ಮಲಗ್ತೇವೆ. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹತ್ತಿಪ್ಪತ್ತು ವರ್ಷ ಬಿಟ್ಟು ಏಳುವ ಹುಣ್ಣು ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಆಗಿರಬಹುದು, ಮಾರ್ಜೊಲಿನ್ ಹುಣ್ಣು ಅಂತಾರೆ. ಗಂಜಿ ಬಸಿಯುವಾಗ ಕೈಯೋ ಕಾಲೋ ಸುಟ್ಟುಕೊಂಡ ಹೆಂಗಸರು ನಮ್ಮ ಎಷ್ಟು ಮನೆಯಲ್ಲಿಲ್ಲ? ಇವು ಯಾವುದಕ್ಕೂ ದೀಪ ಮದ್ದಲ್ಲ. ಬೇಗ ನೋಡೋದು, ಬೇಗ ಕೊಯ್ಯೋದು, ಅದೇ ಮದ್ದು.

ಕತ್ತಿಗೆ ಹೆದರೋದು ಹಳ್ಳಿಯವರ ದಡ್ಡತನ ಅಂತ ಮಾತ್ರ ಹೇಳಬೇಡಿ. ಇಡೀ ಜಗತ್ತನ್ನೇ ಕುಣಿಸಿದ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಮೆಲನೋಮಾ ಸಿಕ್ಕಿತು. ಬೆರಳನ್ನೇ ತೆಗೀಬೇಕು ಅಂದಾಗ ಅವನು ಒಪ್ಪಲಿಲ್ಲ. 1981ರ ಮೇ ತಿಂಗಳಲ್ಲಿ, 36ನೇ ವಯಸ್ಸಿಗೆ, ಹೋದ. ದುಡ್ಡಿತ್ತು, ಡಾಕ್ಟರರಿದ್ದರು, ಹೆದರಿಕೆಯೋ ನಂಬಿಕೆಯೋ ಅಡ್ಡ ಬಂತು. ಹೆದರಿಕೆ ಎಲ್ಲರಿಗೂ ಇರುತ್ತೆ. ಆ ಹೆದರಿಕೆಯ ಬಾಗಿಲಲ್ಲಿ ನಿಂತು "ಸುಲಭದ ದಾರಿ ಇಲ್ಲಿದೆ" ಅಂತ ಕೂಗುವವರದ್ದು ತಪ್ಪು. ಆ ಸಾಲಿನಲ್ಲಿ ಮೊದಲನೆಯವನು ನಾನು, ಒಪ್ಪಿಕೊಂಡಿದ್ದೇನೆ.

1953ರಿಂದ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಇರುವ ಸೀಮೆ ನಮ್ಮದು. ಬ್ರಹ್ಮಾವರದವರಿಗೆ ಅರ್ಧ ಗಂಟೆಯ ದಾರಿ, ಕುಂದಾಪುರದವರಿಗೆ ಸ್ವಲ್ಪ ಹೆಚ್ಚು, ಬೈಂದೂರಿನವರಿಗೆ ಇನ್ನೂ ಸ್ವಲ್ಪ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ದಾರಿ ಇದೆ, ಸರಕಾರಿ ಆಸ್ಪತ್ರೆಯಿಂದ ರೆಫರಲ್ ಕಾಗದ ಮಾಡಿಸಿಕೊಳ್ಳಬೇಕು. ಇಷ್ಟಿದ್ದೂ ನಮ್ಮವರು ಹುಣ್ಣು ಎಂಟಾಣೆಯಷ್ಟು ಆಗುವವರೆಗೆ ಕಾಯ್ತಾರೆ ಅಂದ್ರೆ, ಕೊರತೆ ಇರೋದು ದೀಪದ್ದಲ್ಲ. ಆಶಾ ಕಾರ್ಯಕರ್ತೆಯರಿಗೆ ನಾಲ್ಕು ಬಗೆಯ ಕಲೆಯ ಫೋಟೋ ತೋರಿಸಿ ಕಲಿಸಲಿ. ತಾಲೂಕು ಆಸ್ಪತ್ರೆಯಿಂದಲೇ ಫೋಟೋ ಕಳಿಸಿ ಚರ್ಮದ ಡಾಕ್ಟರ ಅಭಿಪ್ರಾಯ ತರಿಸುವ ವ್ಯವಸ್ಥೆ ಆಗಲಿ. ಯಕ್ಷಗಾನದ ಟೆಂಟಿನ ಪಕ್ಕ ಕಣ್ಣಿನ ಕ್ಯಾಂಪ್ ಮಾಡುವ ಸಂಘಗಳು ಒಂದು ಸಲ ಅಂಗಾಲಿನ ಕ್ಯಾಂಪ್ ಮಾಡಲಿ. ಮೆಷಿನ್ನು ಬರೋದಾದರೆ ಆಮೇಲೆ ಬರಲಿ, ಬೇಡ ಅನ್ನೋದಿಲ್ಲ. ಬಂದಾಗ ಬಯಾಪ್ಸಿ ವರದಿ ಕೈಯಲ್ಲಿ ಹಿಡಿದು, "ಇದು ಎಷ್ಟು ಆಳ? ನನ್ನ ಬಗೆಯದಕ್ಕೆ ಐದು ವರ್ಷದ ಲೆಕ್ಕ ಏನು? ಕೊಯ್ದರೆ ಏನು, ಮುಲಾಮಾದರೆ ಏನು?" ಅಂತ ಕೇಳಿ. ಒಳ್ಳೆಯ ಡಾಕ್ಟರು ಉತ್ತರ ಕೊಡ್ತಾರೆ. ಫ್ಲೆಕ್ಸು ಕೊಡೋದಿಲ್ಲ.

ಚೌತಿಯ ದಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕಡುಬು ಬಡಿಸಿದಳು. ಮೂಗಿನ ಪಕ್ಕದ ಹೊಲಿಗೆಯ ಗೆರೆ ಮಾಸಿದೆ, ಹೊಳ್ಳೆ ಮಾತ್ರ ಒಂದು ಬದಿ ಸೊಟ್ಟ. ಮೂಗುತಿ ಈಗ ಇನ್ನೊಂದು ಬದಿಗೆ ಬಂದಿದೆ. ಊಟ ಆದಮೇಲೆ ಜಗಲಿಯಲ್ಲಿ ಕೂತು, "ದೊಡ್ಡಮ್ಮ, ಕಾಲು ತೋರ್ಸು" ಅಂದೆ. "ಎಂತಕೆ ಮಗಾ?" ಅಂದಳು. ಮೊಬೈಲಿನ ಟಾರ್ಚ್ ಹಚ್ಚಿ ಎರಡೂ ಅಂಗಾಲು, ಹತ್ತೂ ಬೆರಳ ಸಂದು ನೋಡಿದೆ. ಒಡಕು ಬಿಟ್ಟರೆ ಏನೂ ಇರಲಿಲ್ಲ.

ಬೆಳಕಿನ ಚಿಕಿತ್ಸೆ ಅಂತ ನನ್ನಿಂದ ಆಗೋದು ಇಷ್ಟೇ. ಇದಕ್ಕೆ ಮೆಷಿನ್ನು ಬೇಡ. ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಮಾಡಿ.